ತೂಕಕ್ಕೆ ಹಾಕಿದ ರೆಕ್ಕೆಗಳು

ಕೋಲಾರದ ಸೋಮೇಶ್ವರ ದೇವಸ್ಥಾನದ ಕಂಬಕ್ಕೆ ಒಂದು ಮೊಳೆ ಹೊಡೆದು ನೋಡಿ. ಪುರಾತತ್ವ ಇಲಾಖೆಯವರು ನೋಟಿಸು ಹಿಡಿದು ಮನೆ ಬಾಗಿಲಿಗೆ ಬರುತ್ತಾರೆ. ಬರಬೇಕಾದ್ದೇ. ಆದರೆ ಬೆಂಗಳೂರಿನ ಶೆಡ್ಡಿನಲ್ಲಿ ಹುಟ್ಟಿ, ಮೂವತ್ತು ವರ್ಷ ಆಕಾಶದಲ್ಲಿ ದುಡಿದು ಬಂದ ವಿಮಾನವನ್ನು ಕಟಿಂಗ್ ಮೆಷಿನ್ನಿನಲ್ಲಿ ನಾಲ್ಕು ತುಂಡು ಮಾಡಿ ಲಾರಿಗೆ ತುಂಬಿ. ಒಬ್ಬ ನರಪಿಳ್ಳೆಯೂ ಕೇಳುವುದಿಲ್ಲ. ಕೇಳುವುದಿರಲಿ, ರಸೀದಿ ಹರಿದು ಕೊಡುತ್ತಾರೆ.

ಇದಕ್ಕೆ ಕಾನೂನಿನ ಬೆಂಬಲವೂ ಇದೆ. 1972ರ ಪುರಾತನ ವಸ್ತುಗಳ ಕಾಯಿದೆ ಪ್ರಕಾರ ಒಂದು ವಸ್ತುವಿಗೆ ರಕ್ಷಣೆ ಸಿಗಬೇಕಾದರೆ ನೂರು ವರ್ಷ ತುಂಬಿರಬೇಕು. ಹಸ್ತಪ್ರತಿಗಳಿಗೆ ಎಪ್ಪತ್ತೈದು ಸಾಕು. ಡಾ. ವಿ. ಎಂ. ಘಾಟಗೆ ವಿನ್ಯಾಸ ಮಾಡಿದ ಎಚ್‌ಟಿ-2 ತರಬೇತಿ ವಿಮಾನ ಬೆಂಗಳೂರಿನಲ್ಲಿ ಮೊದಲು ಹಾರಿದ್ದು 1951ರ ಆಗಸ್ಟಿನಲ್ಲಿ. ಅಂದರೆ ಅದು ‘ಪುರಾತನ’ ಅನ್ನಿಸಿಕೊಳ್ಳಲು 2051ರವರೆಗೆ ಕಾಯಬೇಕು. ಮಾರುತ್ ಯುದ್ಧವಿಮಾನ 2061ರವರೆಗೆ. ಅಷ್ಟರವರೆಗೆ ಅವು ಕಾಯಿದೆಯ ಕಣ್ಣಿಗೆ ಬರೀ ಲೋಹ. ಕಲ್ಲು ಸಾವಿರ ವರ್ಷ ಕಾಯುತ್ತದೆ ಸ್ವಾಮಿ, ಅಲ್ಯೂಮಿನಿಯಮ್ ನೂರು ಮಳೆಗಾಲ ಕಾಯುವುದಿಲ್ಲ. ಬೇಗ ಸಾಯುವ ವಸ್ತುವಿಗೆ ಬೇಗ ರಕ್ಷಣೆ ಬೇಕೆಂಬ ಸಾಮಾನ್ಯ ಜ್ಞಾನ ಕಾಯಿದೆ ಬರೆದವರಿಗೆ ಹೊಳೆಯಲಿಲ್ಲ. ಅರ್ಧ ಶತಮಾನ ಕಳೆದ ಮೇಲೂ ಅದನ್ನು ಯಾರೂ ತಿದ್ದಿಲ್ಲ.

ಶಿವಾರಪಟ್ಟಣದವನಿಗೆ ವಿಮಾನದ ಉಸಾಬರಿ ಯಾಕೆ ಎಂದು ಕೇಳುವವರಿದ್ದಾರೆ. ನಮ್ಮೂರು ಮಾಲೂರು ತಾಲ್ಲೂಕಿನ ಶಿಲ್ಪಿಗಳ ಊರು. ಬೀದಿಗೆ ಕಾಲಿಟ್ಟರೆ ಸಾಕು, ಕೃಷ್ಣಶಿಲೆಯ ಪುಡಿ ಚಪ್ಪಲಿಗೆ ಮೆತ್ತುತ್ತದೆ. ಗಣಪತಿ, ವೆಂಕಟರಮಣ, ನಂದಿ ಎಲ್ಲ ಅರ್ಧಂಬರ್ಧ ಆಗಿ ಜಗುಲಿಯ ಮೇಲೆ ಕೂತಿರುತ್ತಾರೆ. ಆದರೆ ಮಾಲೂರಿನಿಂದ ಬೆಳಗಿನ ರೈಲು ಹತ್ತಿ ಬೆಂಗಳೂರಿನ ಕಾರ್ಖಾನೆಗಳಿಗೆ ಹೋದ ಕೈಗಳೂ ಈ ಸೀಮೆಯವೇ. ನನ್ನ ಚಿಕ್ಕಪ್ಪ ಉಳಿ ಹಿಡಿಯಲಿಲ್ಲ, ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆದರು. ರೆಕ್ಕೆಯ ತಗಡಿಗೆ ರಿವೆಟ್ ಹೊಡೆಯುವುದು ಒಬ್ಬನ ಕೆಲಸ ಅಲ್ಲ ಎಂದು ಅವರು ಹೇಳುತ್ತಿದ್ದರು. ಹೊರಗಡೆಯಿಂದ ಒಬ್ಬ ರಿವೆಟ್ ಗನ್ ಒತ್ತಬೇಕು, ಒಳಗಡೆಯಿಂದ ಇನ್ನೊಬ್ಬ ಕಬ್ಬಿಣದ ಗಟ್ಟಿಯನ್ನು ಎದುರಿಗೆ ಒತ್ತಿ ಹಿಡಿಯಬೇಕು. ಒಬ್ಬರ ಮುಖ ಒಬ್ಬರಿಗೆ ಕಾಣದು. ಗಟ್ಟಿ ಒಂದು ಕೂದಲೆಳೆ ಓರೆಯಾದರೂ ರಿವೆಟ್ ತಲೆ ವಾಲುತ್ತದೆ. ಇನ್ಸ್‌ಪೆಕ್ಟರ್ ಸೀಮೆಸುಣ್ಣದಲ್ಲಿ ಸುತ್ತು ಹಾಕಿ ಹೋಗುತ್ತಾನೆ. ಕೊರೆದು ತೆಗೆದು ಮತ್ತೆ ಹೊಡೆಯಬೇಕು. ‘ನಿಮ್ಮಪ್ಪಂಗೆ ಕಲ್ಲು ತಪ್ಪಿದ್ರೆ ಗಿರಾಕಿ ಬೈತಾನೆ ಮಗ, ನಂಗೆ ತಪ್ಪಿದ್ರೆ ಪೈಲೆಟ್ ಸಾಯ್ತಾನೆ’ ಎನ್ನುವುದು ಅವರ ಮಾತು. ಸಾಯುತ್ತಿದ್ದರು ಕೂಡ. ಮಾರುತ್‌ನ್ನು 1961ರ ಜೂನ್ 17ರಂದು ಮೊದಲ ಸಲ ಹಾರಿಸಿದ ಸುರಂಜನ್ ದಾಸ್, 1970ರ ಜನವರಿಯಲ್ಲಿ ಅದೇ ಮಾರುತ್‌ನ ಇನ್ನೊಂದು ಮಾದರಿಯನ್ನು ಪರೀಕ್ಷಿಸುವಾಗ ಬೆಂಗಳೂರಿನಲ್ಲೇ ತೀರಿಹೋದರು. ಹಳೇ ಮದ್ರಾಸ್ ರಸ್ತೆಯಿಂದ ವಿಮಾನಪುರದ ಕಡೆ ತಿರುಗುವ ರಸ್ತೆಗೆ ಅವರ ಹೆಸರಿದೆ. ದಿನಕ್ಕೆ ಸಾವಿರಾರು ಜನ ಆ ಸಿಗ್ನಲ್‌ನಲ್ಲಿ ಹಾರ್ನ್ ಹೊಡೆಯುತ್ತಾರೆ. ದಾಸ್ ಯಾರು ಎಂದು ಕೇಳಿದರೆ ಯಾರೋ ಕಾರ್ಪೊರೇಟರ್ ಇರಬೇಕು ಅನ್ನುತ್ತಾರೆ.

ಆ ಮಾರುತ್ ಆಕಾಶದಿಂದ ಉದುರಿದ್ದಲ್ಲ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಕೈ ಜೋಡಿಸಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದಾಗ ಈ ದೇಶದಲ್ಲಿ ಸೈಕಲ್ ಮಾಡುವುದೇ ದೊಡ್ಡ ಮಾತಾಗಿತ್ತು. ಅಲ್ಲಿಂದ ಇಪ್ಪತ್ತೊಂದು ವರ್ಷಕ್ಕೆ ಜೆಟ್ ಯುದ್ಧವಿಮಾನ. ಅದಕ್ಕೆ ಮುಂಚೆ, 1959ರಲ್ಲಿ, ಮಾರುತ್‌ನ ಪೂರ್ಣ ಗಾತ್ರದ ಗ್ಲೈಡರ್ ಒಂದನ್ನು ಮರದಲ್ಲೇ ಕಟ್ಟಿ, ಡಕೋಟಾ ವಿಮಾನಕ್ಕೆ ಹಗ್ಗ ಬಿಗಿದು ಮೇಲಕ್ಕೆ ಎಳೆಸಿ ಹಾರಿಸಿ ನೋಡಿದರು. ಮರದಲ್ಲಿ! ಕಟ್ಟಿದವರು ಬಡಗಿಗಳು. ವಿಶ್ವಕರ್ಮರ ಊರಿನವನಾಗಿ ನನಗೆ ಈ ಸಂಗತಿ ಹೆಮ್ಮೆ ತರುತ್ತದೆ, ಅದರ ಹಿಂದೆಯೇ ಸಿಟ್ಟೂ ತರುತ್ತದೆ. ಯಾಕೆಂದರೆ ಮಾರುತ್‌ಗೆ ವಿನ್ಯಾಸ ಮಾಡಿದ ಜರ್ಮನಿಯ ಕುರ್ಟ್ ಟ್ಯಾಂಕ್ ಹೆಸರಿದೆ, ಹಾರಿಸಿದವರ ಹೆಸರಿದೆ. ಗರಗಸ, ಉಳಿ, ರಿವೆಟ್ ಗನ್ ಹಿಡಿದವರ ಹೆಸರು ಎಲ್ಲೂ ಇಲ್ಲ. ಅವರ ಗುರುತು ಇರುವುದು ವಿಮಾನದ ಮೈಮೇಲೆ ಮಾತ್ರ. ವಿಮಾನವನ್ನು ಕರಗಿಸಿದರೆ ಆ ಗುರುತೂ ಕರಗುತ್ತದೆ.

ಈ ಕೈಗಳು ಎಂಥವು ಎನ್ನುವುದಕ್ಕೆ ಲಿಬರೇಟರ್ ಕಥೆ ಕೇಳಿ. ಎರಡನೇ ಮಹಾಯುದ್ಧ ಮುಗಿದಾಗ ಕಾನ್ಪುರದಲ್ಲಿ ಬಿ-24 ಲಿಬರೇಟರ್ ಬಾಂಬರ್‌ಗಳ ದಂಡೇ ಬಿದ್ದಿತ್ತು. ನಾಲ್ಕು ಎಂಜಿನ್‌ನ ದೈತ್ಯಗಳು. ಅಮೆರಿಕ ಎರವಲು ಕೊಟ್ಟಿದ್ದು, ಬ್ರಿಟಿಷ್ ವಾಯುಪಡೆ ಬಳಸಿದ್ದು. ಬಿಟ್ಟು ಹೋಗುವಾಗ ಇನ್ನೊಬ್ಬರು ಹಾರಿಸಬಾರದೆಂದು ಬೇಕಂತಲೇ ಕೆಡಿಸಿ ಹೋದರು: ಎಂಜಿನ್ನಿಗೆ ಮರಳು ಸುರಿದರು, ಉಪಕರಣಗಳನ್ನು ಒಡೆದರು, ಮೈಗೆ ತೂತು ಹೊಡೆದರು. 1948ರಲ್ಲಿ ಬೆಂಗಳೂರಿನ ಕಾರ್ಖಾನೆಯವರು ಅಲ್ಲಿಗೆ ಹೋದರು. ಒಂದರ ಭಾಗ ಇನ್ನೊಂದಕ್ಕೆ ಹಾಕಿ, ಹೇಗೋ ಹಾರುವಷ್ಟು ಮಾಡಿದರು. ಪರೀಕ್ಷಾ ಪೈಲಟ್ ಜಮ್ಷೆಡ್ ಮುನ್ಷಿ ಆ ಹರಕು ಮುರುಕು ಬಾಂಬರ್‌ಗಳನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿ ತಂದರು. ಇಲ್ಲಿ ಅವನ್ನು ಬಿಚ್ಚಿ, ತೊಳೆದು, ಮತ್ತೆ ಕಟ್ಟಿದರು. ಹೀಗೆ ಮೂವತ್ತಕ್ಕೂ ಹೆಚ್ಚು ಲಿಬರೇಟರ್‌ಗಳು ಭಾರತೀಯ ವಾಯುಪಡೆಗೆ ಸೇರಿ 1968ರ ಕೊನೆಯವರೆಗೆ ದುಡಿದವು.

ಆಮೇಲೇನಾಯಿತು? ಜಗತ್ತಿನಲ್ಲಿ ಹದಿನೆಂಟು ಸಾವಿರಕ್ಕೂ ಮೀರಿ ತಯಾರಾದ ಲಿಬರೇಟರ್‌ಗಳು ಅಷ್ಟರಲ್ಲಿ ಹೆಚ್ಚು ಕಡಿಮೆ ಎಲ್ಲ ಗುಜರಿಗೆ ಹೋಗಿದ್ದವು. ಹೊರದೇಶದವರಿಗೆ ಆಗ ಜ್ಞಾನೋದಯವಾಯಿತು. ನಮ್ಮಿಂದ ಪಡೆದುಕೊಂಡು ಹೋದರು. ಅಮೆರಿಕದ ಅರಿಜೋನಾದ ಪೀಮಾ ಮ್ಯೂಸಿಯಮ್ಮಿನಲ್ಲಿ ನಿಂತಿರುವುದು, ಬ್ರಿಟನ್ನಿನ ವಾಯುಪಡೆ ಮ್ಯೂಸಿಯಮ್ಮಿನಲ್ಲಿರುವುದು, ಕೆನಡಾದ ಒಟ್ಟಾವಾದಲ್ಲಿರುವುದು, ಮೂರೂ ಭಾರತೀಯ ವಾಯುಪಡೆಯಿಂದ ಹೋದವು. ಇನ್ನೊಂದು ನಿವೃತ್ತಿಯಾದ ಮೇಲೆ ಹದಿಮೂರು ವರ್ಷ ಭಾರತದಲ್ಲೇ ಅನಾಥವಾಗಿ ಬಿದ್ದಿತ್ತು. 1981ರಲ್ಲಿ ಬ್ರಿಟನ್ನಿನ ಡಗ್ ಆರ್ನಲ್ಡ್ ಎಂಬ ಸಂಗ್ರಾಹಕ ಬಿಚ್ಚಿಸಿಕೊಂಡು ಹೋದ. ಕಾಲಿಂಗ್ಸ್ ಫೌಂಡೇಶನ್ ಕೈಗೆ ಬಂದು 1989ರಲ್ಲಿ ಅದು ಅಮೆರಿಕದ ಆಕಾಶದಲ್ಲಿ ಮತ್ತೆ ಹಾರಿತು. ನಮ್ಮಲ್ಲಿ ಉಳಿದಿರುವುದು ದೆಹಲಿಯ ಪಾಲಂ ಮ್ಯೂಸಿಯಮ್ಮಿನಲ್ಲಿ. ಸತ್ತ ವಿಮಾನಕ್ಕೆ ಜೀವ ಕೊಟ್ಟ ಊರು ಬೆಂಗಳೂರು. ಆ ಜೀವ ನೋಡಬೇಕೆಂದರೆ ಬೆಂಗಳೂರಿನ ಮಗು ದೆಹಲಿಗೆ ಹೋಗಬೇಕು, ಇಲ್ಲವೇ ವೀಸಾ ಮಾಡಿಸಬೇಕು.

ಡಕೋಟಾ ವಿಷಯ ಇನ್ನೂ ಮಾನ ಕಳೆಯುವಂಥದ್ದು. 1947ರ ಅಕ್ಟೋಬರ್ 27ರಂದು ಸೈನಿಕರನ್ನು ಹೊತ್ತು ಶ್ರೀನಗರದಲ್ಲಿ ಇಳಿದದ್ದು ಡಕೋಟಾಗಳು. ಕಾಶ್ಮೀರ ಉಳಿಸಿದ ವಿಮಾನ ಎಂದು ಭಾಷಣದಲ್ಲಿ ಹೇಳುತ್ತೇವೆ. ಆ ನೆನಪಿಗೆ ಹಾರುವ ಸ್ಥಿತಿಯ ಒಂದು ಡಕೋಟಾ ಬೇಕಾದಾಗ ಎಲ್ಲಿ ಸಿಕ್ಕಿತು? ಐರ್ಲೆಂಡಿನಲ್ಲಿ, ಗುಜರಿಗೆ ಹೋಗಲಿದ್ದ ಒಂದು. ಆಗ ಕರ್ನಾಟಕದಿಂದ ರಾಜ್ಯಸಭೆಯಲ್ಲಿದ್ದ ರಾಜೀವ್ ಚಂದ್ರಶೇಖರ್, ತಂದೆ ಡಕೋಟಾ ಹಾರಿಸಿದವರಾದ್ದರಿಂದ, ಸ್ವಂತ ದುಡ್ಡಿನಲ್ಲಿ ಅದನ್ನು ಕೊಂಡು ಬ್ರಿಟನ್ನಿನಲ್ಲಿ ದುರಸ್ತಿ ಮಾಡಿಸಿ ವಾಯುಪಡೆಗೆ ಕೊಟ್ಟರು. 2018ರ ಏಪ್ರಿಲ್‌ನಲ್ಲಿ ಅದು ಹಿಂಡನ್‌ಗೆ ಬಂದಿಳಿಯಿತು. ‘ಪರಶುರಾಮ’ ಎಂದು ಹೆಸರಿಟ್ಟು, ಶ್ರೀನಗರಕ್ಕೆ ಹೋಗಿದ್ದ ಹಳೆಯ ಡಕೋಟಾದ ನಂಬರು ಅದರ ಬಾಲಕ್ಕೆ ಬರೆದರು: ವಿಪಿ 905. ಕೆಲಸ ಒಳ್ಳೆಯದೇ. ಆದರೆ ಯೋಚನೆ ಮಾಡಿ, ನಮ್ಮ ನಂಬರನ್ನು ಬೇರೆಯವರ ವಿಮಾನಕ್ಕೆ ಬರೆಯಬೇಕಾಗಿ ಬಂತು.

ಮಾರುವ ಕ್ರಮ ಹೇಗಿದೆ ನೋಡಿ. ವಿಮಾನದ ಆಯುಷ್ಯ ಮುಗಿಯಿತು ಎಂದರೆ ಒಂದು ಕಮಿಟಿ ಕೂರುತ್ತದೆ, ‘ಕಂಡೆಮ್’ ಅನ್ನುತ್ತದೆ. ಬೇಕಾದ ಬಿಡಿಭಾಗ ಬಿಚ್ಚಿಕೊಳ್ಳುತ್ತಾರೆ. ಉಳಿದದ್ದು ಲಾಟ್ ನಂಬರ್ ಆಗುತ್ತದೆ. ಸರ್ಕಾರಿ ಗುಜರಿ ಮಾರುವ ಎಂಎಸ್‌ಟಿಸಿ ತರಹದ ಸಂಸ್ಥೆಗಳ ಇ-ಹರಾಜಿನಲ್ಲಿ ಹಳೇ ಟೇಬಲ್ಲು, ಕೆಟ್ಟ ಜೀಪು, ಕೇಬಲ್ ತುಂಡು ಎಲ್ಲದಕ್ಕೂ ಒಂದೇ ಭಾಷೆ: ಇದ್ದಲ್ಲಿ ಇದ್ದ ಹಾಗೆ. ಇಡೀ ಸರಪಳಿಯಲ್ಲಿ ‘ಇದು ಕೊನೆಯದಾ?’ ಎಂದು ಕೇಳುವುದು ಯಾರ ಕೆಲಸವೂ ಅಲ್ಲ. ಅಕೌಂಟ್ಸ್‌ನವನಿಗೆ ಲೆಕ್ಕ ಚುಕ್ತಾ ಆಗಬೇಕು, ಸ್ಟೋರ್ಸ್‌ನವನಿಗೆ ಜಾಗ ಖಾಲಿ ಆಗಬೇಕು, ಆಡಿಟ್‌ನವನಿಗೆ ಸಹಿ ಇರಬೇಕು. ಎಲ್ಲರೂ ತಮ್ಮ ತಮ್ಮ ಕೆಲಸ ಸರಿಯಾಗಿ ಮಾಡುತ್ತಾರೆ. ಕೊನೆಗೆ ಒಂದು ಚರಿತ್ರೆ ಇಲ್ಲವಾಗುತ್ತದೆ, ತಪ್ಪಿತಸ್ಥ ಒಬ್ಬನೂ ಸಿಗುವುದಿಲ್ಲ.

ಹೊಸಕೋಟೆ ಕಡೆಯ ಒಂದು ಗುಜರಿ ಅಂಗಡಿಯಲ್ಲಿ ನಾನು ಅಂಥದೊಂದು ತುಂಡು ಕಂಡೆ. ಕಲ್ಲು ಎತ್ತುವ ಚೈನ್ ಬ್ಲಾಕ್ ಹುಡುಕಿಕೊಂಡು ಹೋಗಿದ್ದೆ. ಪ್ರೆಶರ್ ಕುಕ್ಕರು, ಕಿಟಕಿ ಚೌಕಟ್ಟುಗಳ ನಡುವೆ ಮಂಚದಷ್ಟು ಉದ್ದದ ಒಂದು ತಗಡು. ಒಳಮೈಗೆ ಪಾಚಿಗೂ ಅರಿಶಿನಕ್ಕೂ ನಡುವಿನ ಬಣ್ಣದ ಪ್ರೈಮರ್. ಹೊರಮೈಯಲ್ಲಿ ರಿವೆಟ್ ಸಾಲು, ಬೆರಳಾಡಿಸಿದರೆ ತಲೆ ಸಿಗದ ಹಾಗೆ ನುಣ್ಣಗೆ ಕೂತಿದ್ದವು. ಮೂಲೆಯಲ್ಲಿ ಕೆಂಪು ಅಕ್ಷರದಲ್ಲಿ ‘ನೋ ಸ್ಟೆಪ್’ ಎಂದು ಅಚ್ಚು.

‘ಇದೆಲ್ಲಿಂದ ಬಂತಣ್ಣ?’ ಅಂದೆ.

‘ಪ್ಲೇನ್‌ದು ಸಾರ್. ಲಾಟಲ್ಲಿ ಬಂದಿದ್ದು, ಯಾವ ಊರ್ದೋ. ಒಳ್ಳೆ ಮಾಲು. ಆದ್ರೆ ರಿವೆಟ್ ಜಾಸ್ತಿ, ಅದ್ಕೇ ರೇಟ್ ಕಮ್ಮಿ.’

ರಿವೆಟ್ ಜಾಸ್ತಿ, ಅದಕ್ಕೇ ರೇಟು ಕಮ್ಮಿ! ಕೆಲವು ರಿವೆಟ್ ಬೇರೆ ಲೋಹದ್ದಿರುತ್ತವಂತೆ, ಕರಗಿಸುವಾಗ ಕಸ ಆಗುತ್ತವಂತೆ. ಒಬ್ಬ ಒಳಗೆ, ಒಬ್ಬ ಹೊರಗೆ ನಿಂತು ಒಂದೊಂದೇ ಕೂರಿಸಿದ್ದಕ್ಕೆ ಈ ದೇಶ ಕಟ್ಟಿದ ಬೆಲೆ ಅದು, ಮೈನಸ್ ಲೆಕ್ಕದಲ್ಲಿ. ಅಂಗಡಿಯವನ ಮೇಲೆ ನನಗೆ ಸಿಟ್ಟಿಲ್ಲ. ಅವನು ಗುಜರಿಯವನು, ತೂಕ ಹಾಕುತ್ತಾನೆ. ವಿಮಾನವನ್ನು ಅವನ ತಕ್ಕಡಿಯವರೆಗೆ ತಂದವರು ಗುಜರಿಯವರಲ್ಲವಲ್ಲ.

ಭಿನ್ನವಾದ ಮೂರ್ತಿ ಪೂಜೆಗೆ ಬಾರದು ಎನ್ನುವುದು ನಮ್ಮ ಶಿಲ್ಪಿಗಳಿಗೂ ಗೊತ್ತು. ಮೂಗು ಮುರಿದರೆ, ಕೈ ಹೋದರೆ ತೆಗೆದು ನೀರಿಗೆ ಬಿಡುತ್ತಾರೆ. ಆದರೆ ಹಾಗೇ ಎತ್ತಿ ಎಸೆಯುವುದಿಲ್ಲ. ಮೊದಲು ಕಳಾಕರ್ಷಣೆ ಮಾಡಬೇಕು. ಮೂರ್ತಿಯಲ್ಲಿದ್ದ ಕಳೆಯನ್ನು ಕಲಶಕ್ಕೆ ಇಳಿಸಿಕೊಂಡ ಮೇಲೆಯೇ ಕಲ್ಲು ಬರೀ ಕಲ್ಲಾಗುವುದು. ನಾನು ಆಸ್ತಿಕನಲ್ಲ, ಆದರೆ ಅದರ ಹಿಂದಿನ ಮರ್ಯಾದೆ ನನಗೆ ಅರ್ಥವಾಗುತ್ತದೆ. ವಿಮಾನದ ಕಳೆ ಅದರ ಲಾಗ್‌ಬುಕ್ಕಿನಲ್ಲಿದೆ, ಫಾರ್ಮ್ 700ರಲ್ಲಿದೆ: ಯಾವ ದಿನ ಯಾರು ಹಾರಿಸಿದರು, ಏನು ಕೆಟ್ಟಿತು, ಯಾವ ಮೆಕ್ಯಾನಿಕ್ ಸರಿ ಮಾಡಿ ಸಹಿ ಹಾಕಿದ. ಅದನ್ನಾದರೂ ಇಳಿಸಿಕೊಂಡು ಇಡಿ. ವಿಮಾನ ಗುಜರಿಗೆ, ಪುಸ್ತಕ ರದ್ದಿಗೆ ಎಂದರೆ ಯಾವ ಧರ್ಮ?

ಉಳಿಸಿದ್ದೇವಲ್ಲ ಎಂದು ಎದೆ ತಟ್ಟಿಕೊಳ್ಳುವವರೂ ಇದ್ದಾರೆ. ಒಂದಷ್ಟು ಉಳಿದಿವೆ, ಸುಳ್ಳು ಹೇಳಲಾರೆ. ವಿಮಾನಪುರದ ಹತ್ತಿರ ಅದೇ ವಿಮಾನ ಕಾರ್ಖಾನೆ, ಅಂದರೆ ಎಚ್‌ಎಎಲ್, 2001ರಲ್ಲಿ ಪರಂಪರೆ ಕೇಂದ್ರ ತೆರೆದಿದ್ದರಿಂದಲೇ ಎಚ್‌ಟಿ-2, ಮಾರುತ್, ಕಿರಣ್‌ಗಳನ್ನು ನಮ್ಮ ಮಕ್ಕಳು ಮುಟ್ಟುವಷ್ಟು ಹತ್ತಿರದಿಂದ ನೋಡುತ್ತಾರೆ. ಕಸ್ತೂರ್‌ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿನ ಅಂಗಳದಲ್ಲೂ ಒಂದು ಮಾರುತ್ ಇದೆ. ನಾನು ಹೇಳುತ್ತಿರುವುದು ಊರೂರಿನ ಸರ್ಕಲ್‌ಗಳಲ್ಲಿ, ಕಾಲೇಜುಗಳ ಮುಂದೆ ಸಿಮೆಂಟ್ ಕಂಬದ ಮೇಲೆ ಚುಚ್ಚಿ ನಿಲ್ಲಿಸಿದ ವಿಮಾನಗಳ ಬಗ್ಗೆ. ಉದ್ಘಾಟನೆಯ ದಿನ ಟೇಪು ಕತ್ತರಿಸಿ ಫೋಟೋ ತೆಗೆಸಿಕೊಂಡವರು ಆಮೇಲೆ ಅತ್ತ ತಲೆ ಹಾಕುವುದಿಲ್ಲ.

ವಿಮಾನ ಬಿಸಿಲು ಮಳೆಯಲ್ಲಿ ಹೇಗೆ ಸಾಯುತ್ತದೆ ಗೊತ್ತೇ? ಮೊದಲು ರೆಕ್ಕೆಯ ಕೆಳಗಿನ ಸಣ್ಣ ಬಸಿ ತೂತುಗಳು ಧೂಳು, ಎಲೆ ಸೇರಿ ಕಟ್ಟಿಕೊಳ್ಳುತ್ತವೆ. ನೀರು ಒಳಗೇ ನಿಲ್ಲುತ್ತದೆ. ಉಕ್ಕಿನ ಬೋಲ್ಟು ಅಲ್ಯೂಮಿನಿಯಮ್ಮನ್ನು ಮುಟ್ಟುವ ಕಡೆಯಲ್ಲೆಲ್ಲ, ತೇವ ಸಿಕ್ಕಿದ ಕೂಡಲೇ ಎರಡು ಲೋಹಗಳ ನಡುವೆ ಬ್ಯಾಟರಿಯಂತೆ ಕರೆಂಟು ಹರಿಯತೊಡಗುತ್ತದೆ. ಅದರಲ್ಲಿ ಸವೆಯುವುದು ಅಲ್ಯೂಮಿನಿಯಮ್. ವಿಮಾನದ ಡ್ಯೂರಾಲುಮಿನ್‌ನಲ್ಲಿ ತಾಮ್ರ ಬೆರೆತಿರುವುದರಿಂದ ಗಟ್ಟಿ ಹೆಚ್ಚು, ತುಕ್ಕಿಗೆ ತಡೆ ಕಡಿಮೆ. ದಪ್ಪ ಭಾಗಗಳು ಒಳಗೊಳಗೇ ಉಬ್ಬಿ ಪದರ ಪದರವಾಗಿ ಏಳುತ್ತವೆ. ಹೊರಗಿನಿಂದ ಬಣ್ಣ ಚೆನ್ನಾಗೇ ಕಾಣುತ್ತಿರುತ್ತದೆ. ಕಾಕ್‌ಪಿಟ್ಟಿನ ಮೇಲಿನ ಪರ್ಸ್ಪೆಕ್ಸ್ ಬಿಸಿಲಿಗೆ ಹಳದಿ ತಿರುಗಿ ಬಿರುಕು ಬಿಡುತ್ತದೆ, ಗಾಳಿ ಎಳೆಯುವ ಬಾಯಿಯಲ್ಲಿ ಪಾರಿವಾಳ ಗೂಡು ಕಟ್ಟುತ್ತದೆ, ಅದರ ಹಿಕ್ಕೆ ಲೋಹ ತಿನ್ನುತ್ತದೆ. ಯಾರಾದರೂ ಮಂತ್ರಿ ಬರುತ್ತಾರೆ ಎಂದಾಗ ಕಂಟ್ರಾಕ್ಟರ್ ಬಂದು ಎನಾಮಲ್ ಬಳಿಯುತ್ತಾನೆ. ಸ್ಕ್ವಾಡ್ರನ್ನಿನ ಲಾಂಛನ, ಬಾಲದ ನಂಬರು, ರಿವೆಟ್ ಪಕ್ಕದ ಪುಟ್ಟ ಸೂಚನೆಗಳು, ಎಲ್ಲ ಒಂದೇ ದಪ್ಪ ಬಣ್ಣದ ಕೆಳಗೆ. ತೇವವೂ ಅದರ ಕೆಳಗೇ.

ಇದು ನಮಗೆ ಹೊಸದಲ್ಲ. ಗಂಗರ, ಚೋಳರ ಕಾಲದ ಕಲ್ಲಿಗೆ ಜೀರ್ಣೋದ್ಧಾರ ಎಂಬ ಹೆಸರಿನಲ್ಲಿ ಸುಣ್ಣ, ಆಯಿಲ್ ಪೇಂಟ್ ಬಳಿದವರು ನಮ್ಮ ಜಿಲ್ಲೆಯ ಹಳ್ಳಿಗಳಲ್ಲೇ ಎಷ್ಟು ಜನ ಬೇಕು? ಹಳೇ ಮೂರ್ತಿ ಸವೆದಿದೆ, ಹೊಸದು ಮಾಡಿಕೊಡಿ ಎಂದು ಆರ್ಡರ್ ಹಿಡಿದು ಬರುವವರು ನಮ್ಮೂರಿಗೇ ಬರುತ್ತಾರೆ. ಆರ್ಡರ್ ಬೇಡ ಎನ್ನುವಷ್ಟು ಶ್ರೀಮಂತಿಕೆ ಇಲ್ಲಿ ಯಾರಿಗೂ ಇಲ್ಲ. ಬೇಡದ ಹಳೆಯದನ್ನು ಬಿಸಾಡುವುದು ಒಂದು ಚಾಳಿ, ಬೇಕಾದ ಹಳೆಯದಕ್ಕೆ ಬಣ್ಣ ಬಳಿಯುವುದು ಅದರ ತಮ್ಮ.

ದುಡ್ಡಿಲ್ಲ ಎನ್ನುವವರಿಗೆ ಅರ್ಜೆಂಟೀನಾ ತೋರಿಸುತ್ತೇನೆ. ಮಾರುತ್ ಮಾಡಲು ಬೆಂಗಳೂರಿಗೆ ಬರುವ ಮುಂಚೆ ಕುರ್ಟ್ ಟ್ಯಾಂಕ್ ಇದ್ದದ್ದು ಅಲ್ಲಿನ ಕೊರ್ಡೋಬಾದಲ್ಲಿ. ಯುದ್ಧ ಸೋತ ಜರ್ಮನಿಯಿಂದ ಅಲ್ಲಿಗೆ ಹೋಗಿ ಪುಲ್ಕಿ-2 ಎಂಬ ಜೆಟ್ ವಿಮಾನ ಮಾಡಿದ. ಅದು 1950ರಲ್ಲಿ ಹಾರಿತು. ಪೈಲಟ್‌ಗಳು ಸತ್ತರು, ದುಡ್ಡು ಮುಗಿಯಿತು, 1955ರಲ್ಲಿ ಪೆರೋನ್ ಸರ್ಕಾರ ಉರುಳಿತು, ಯೋಜನೆಯೂ ಬಿತ್ತು. ಐದೇ ಮೂಲಮಾದರಿ, ವಾಯುಪಡೆಗೆ ಸೇರಲೇ ಇಲ್ಲ. ಲೆಕ್ಕಕ್ಕೆ ನೋಡಿದರೆ ಸೋತ ವಿಮಾನ. ಆದರೂ ಬ್ಯೂನಸ್ ಐರಿಸ್ ಪಕ್ಕದ ಮೊರೋನ್‌ನಲ್ಲಿರುವ ರಾಷ್ಟ್ರೀಯ ವೈಮಾನಿಕ ಮ್ಯೂಸಿಯಮ್ಮಿನಲ್ಲಿ ಒಂದನ್ನು ಇಟ್ಟುಕೊಂಡಿದ್ದಾರೆ, ಅದರ ಅಣ್ಣ ಪುಲ್ಕಿ-1ನ್ನೂ ಇಟ್ಟುಕೊಂಡಿದ್ದಾರೆ. ಹಣದುಬ್ಬರದಲ್ಲಿ ಮುಳುಗೆದ್ದ, ಸಾಲಕ್ಕೆ ಕೈ ಚಾಚಿದ ದೇಶ ಅದು. ನಾವು ಅದೇ ಟ್ಯಾಂಕ್ ವಿನ್ಯಾಸದಲ್ಲಿ 147 ಮಾರುತ್ ಮಾಡಿದೆವು, 1971ರಲ್ಲಿ ರಾಜಸ್ಥಾನದ ಗಡಿಯಲ್ಲಿ ಯುದ್ಧಕ್ಕೆ ಇಳಿಸಿದೆವು, 1990ರಲ್ಲಿ ನಿವೃತ್ತಿ ಮಾಡಿದೆವು. ಹಾರುವ ಸ್ಥಿತಿಯಲ್ಲಿ ಒಂದನ್ನಾದರೂ ಉಳಿಸಿಕೊಳ್ಳುವ ಯೋಗ್ಯತೆ ತೋರಿಸಲಿಲ್ಲ.

ಭದ್ರತೆ, ಗೌಪ್ಯ ಎನ್ನುವುದು ಇನ್ನೊಂದು ನೆಪ. ಮಾರುತ್ ಒಂದು ಮ್ಯೂನಿಕ್ ಹತ್ತಿರದ ಶ್ಲೈಸ್‌ಹೈಮ್ ಮ್ಯೂಸಿಯಮ್ಮಿನಲ್ಲಿ ಜರ್ಮನರು ನೋಡಲಿ ಎಂದು ನಿಂತಿದೆ. ಜರ್ಮನಿಗೆ ಇಲ್ಲದ ಗೌಪ್ಯ ಮಾಲೂರಿಗೆ ಯಾಕೆ?

ದೊಡ್ಡದನ್ನು ಇಡುವುದು ಕಷ್ಟ ಎನ್ನುವುದು ಮೂರನೆಯದು. ವಿಕ್ರಾಂತ್ ಹಡಗಿಗೂ ಅದನ್ನೇ ಹೇಳಿದರು. 1971ರಲ್ಲಿ ಬಂಗಾಳ ಕೊಲ್ಲಿಯನ್ನು ಕಾಯ್ದ ಹಡಗು, 1997ರಲ್ಲಿ ನಿವೃತ್ತಿ, ಕೆಲವು ವರ್ಷ ಮುಂಬಯಿಯಲ್ಲಿ ಮ್ಯೂಸಿಯಮ್. 2014ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋದರೂ ಉಳಿಯಲಿಲ್ಲ, ದಾರುಖಾನಾದಲ್ಲಿ ಕತ್ತರಿಸಿದರು. ಅದರ ಉಕ್ಕಿನಿಂದ ಮೋಟಾರ್‌ಸೈಕಲ್ ಬಂತು, ಜಾಹೀರಾತಿನಲ್ಲಿ ದೇಶಭಕ್ತಿಯೂ ಬಂತು. ಹಡಗು ಉಳಿಸಲು ಆಗದ ದೇಶಭಕ್ತಿ ಬೈಕ್ ಮಾರಲು ಆಯಿತು.

ಈಗ ಮುಂದಿನ ಸರದಿ. ಮಿಗ್-21 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ನಿವೃತ್ತಿಯಾಯಿತು. ಹಾರ, ಬ್ಯಾಂಡು, ಕಣ್ಣೀರು ಎಲ್ಲ ಟಿವಿಯಲ್ಲಿ ಬಂತು. ಇನ್ನು ಕಿರಣ್ ಇದೆ. 1964ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಮೊದಲು ಹಾರಿದ್ದು, ಮೂರು ತಲೆಮಾರಿನ ಪೈಲಟ್‌ಗಳಿಗೆ ಜೆಟ್ ಹಾರಿಸಲು ಕಲಿಸಿದ್ದು. 1996ರಲ್ಲಿ ಬೀದರ್‌ನಲ್ಲಿ ಶುರುವಾದ ಸೂರ್ಯಕಿರಣ್ ತಂಡ ಅದರ ಎರಡನೇ ಮಾದರಿಯಲ್ಲೇ 2011ರವರೆಗೆ ಆಕಾಶದಲ್ಲಿ ರಂಗೋಲಿ ಹಾಕಿತು. ಬೇರೆ ತರಬೇತಿ ವಿಮಾನಗಳು ಬರುತ್ತಿದ್ದಂತೆ ಕಿರಣ್‌ಗಳು ಒಂದೊಂದಾಗಿ ಕಮಿಟಿಯ ಮುಂದೆ ಬಂದು ನಿಲ್ಲುತ್ತವೆ.

ಆ ಕಮಿಟಿಗೆ ಹೇಳುವುದು ಇಷ್ಟು. ಹರಾಜಿನ ಪಟ್ಟಿ ಮಾಡುವ ಮುಂಚೆ ಉಳಿಸುವ ಪಟ್ಟಿ ಮಾಡಿ, ಎಲ್ಲರಿಗೂ ಕಾಣುವ ಹಾಗೆ ಹಾಕಿ. ಪ್ರತಿ ಮಾದರಿಯ ಒಂದಾದರೂ ಹಾರುವ ಸ್ಥಿತಿಯಲ್ಲಿರಲಿ, ಒಂದಾದರೂ ಸೂರಿನ ಕೆಳಗಿರಲಿ. ಅದನ್ನು ಕಟ್ಟಿದ ನಿವೃತ್ತ ಫಿಟ್ಟರ್‌ಗಳು, ವೆಲ್ಡರ್‌ಗಳು ಇನ್ನೂ ಕೆಲವರು ಬದುಕಿದ್ದಾರೆ. ಕರೆದು ಕೂರಿಸಿ, ಅವರ ಹೆಸರು ವಿಮಾನದ ಪಕ್ಕದಲ್ಲಿ ಬರೆಯಿರಿ. ಮತ್ತೆ ಒಂದು ಕಿರಣ್ ಈ ಕಡೆ ಕೊಡಿ. ಸಿಮೆಂಟ್ ಕಂಬಕ್ಕೆ ಚುಚ್ಚುವುದು ಬೇಡ. ಚಪ್ಪರಕ್ಕೆ ಬೇಕಾದ ಕಲ್ಲುಕಂಬ ನಾವು ಕಡೆದು ನಿಲ್ಲಿಸುತ್ತೇವೆ, ಮಾಲೂರಿನ ಹೆಂಚು ಹಾಕಿಸುತ್ತೇವೆ, ಬಸಿ ತೂತಿನ ಕಸ ತಿಂಗಳಿಗೊಮ್ಮೆ ತೆಗೆಯಲು ಊರಿನ ಹುಡುಗರಿದ್ದಾರೆ. ಕೊಡುವುದಿಲ್ಲ, ಕರಗಿಸುವುದೇ ಸರಿ ಎಂದಾದರೆ, ಕಾರಣವನ್ನು ಕಾಗದದ ಮೇಲೆ ಬರೆದು ಕೊಡಿ. ಕೆಳಗೆ ಸಹಿ ಇರಲಿ, ಸಹಿಯ ಕೆಳಗೆ ಹೆಸರು, ಹುದ್ದೆ ಎರಡೂ ಬಿಡಿಸಿ ಬರೆದಿರಲಿ. ಕಲ್ಲಿನಲ್ಲಿ ಕೆತ್ತುವ ಖರ್ಚು ನಮ್ಮೂರಿನದು.